ಹಳೇ ಕಾರಿನ ಗಾಜೂ ಬೇಲಿಯಾಚೆಯ ಯಜಮಾನರೂ

ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿಯಲ್ಲಿ ಇಪ್ಪತ್ತು ದಾಟಿದ ಕಾರು ಓಡಿಸಲು ಒಳ್ಳೆಯ ಮೆಕ್ಯಾನಿಕ್ ಸಿಕ್ಕರೆ ಸಾಲದು, ಮೊಂಡುತನವೂ ಬೇಕು. ನನ್ನ 2003ರ ಕ್ಯಾಮ್ರಿ ಕೆಟ್ಟು ನಿಲ್ಲುವುದೇ ಇಲ್ಲ. ನಿಂತಿದ್ದರೆ ಬೇರೆ ಕೊಳ್ಳಲು ಒಂದು ನೆಪವಾದರೂ ಸಿಗುತ್ತಿತ್ತು. ಕನ್ನಡ ಕೂಟದ ಕಾರ್ಯಕ್ರಮಕ್ಕೆ ಹೋದಾಗ, ಸದ್ದಿಲ್ಲದೆ ಬಂದು ನಿಲ್ಲುವ ಎಲೆಕ್ಟ್ರಿಕ್ ಕಾರುಗಳ ನಡುವೆ ನಾನು ಕೀಲಿಯನ್ನು ಬಾಗಿಲಿಗೆ ತೂರಿಸಿ ತಿರುಗಿಸುತ್ತಿದ್ದರೆ ಇಲ್ಲೇ ಹುಟ್ಟಿದ ಹುಡುಗರು ಆಟ ಬಿಟ್ಟು ನೋಡುತ್ತಾರೆ. ಒಬ್ಬನಂತೂ ಕೇಳಿಯೇಬಿಟ್ಟ: "ಅಂಕಲ್, ಅದು ಏನು ಮಾಡ್ತಾ ಇದೀರಾ?"

ಇಂಥ ಕಾರಿನ ಮುಂದಿನ ಗಾಜು ಬಿರುಕು ಬಿಟ್ಟರೆ ಮೊದಲು ಕೆಡುವುದು ಮನೆಯ ಲೆಕ್ಕಾಚಾರ. ಕಾರು ಮಾರಿದರೆ ಎರಡೂವರೆ ಸಾವಿರ ಡಾಲರ್ ಬಂದರೆ ಪುಣ್ಯ. ಹೊಸ ಗಾಜಿಗೆ ಮುನ್ನೂರೈವತ್ತು. ಅಲ್ಲಿಗೆ ಕಾರಿನ ಏಳನೇ ಒಂದು ಭಾಗ ಗಾಜಿಗೇ ಹೋಯಿತು ಎಂದು ಹೆಂಡತಿ ಹೇಳಿದಳು. ಇನ್ಶೂರೆನ್ಸ್ ಕೊಡುವುದಿಲ್ಲವೇ ಅಂದರೆ, ಗಾಜು ಬರುವುದು ಕಾಂಪ್ರಹೆನ್ಸಿವ್ ಎಂಬ ಬಾಬತ್ತಿನಡಿ. ಹಳೇ ಕಾರಿಗೆ ದುಡ್ಡು ದಂಡ ಅಂತ ಬುದ್ಧಿವಂತರೆಲ್ಲ ಮೊದಲು ಕೈಬಿಡುವುದು ಅದನ್ನೇ. ಫ್ಲಾರಿಡಾದಲ್ಲಾದರೆ ಆ ಬಾಬತ್ತು ಇದ್ದವರಿಗೆ ಮುಂದಿನ ಗಾಜಿನ ವಿಷಯದಲ್ಲಿ ಕೈಯಿಂದ ಕಟ್ಟುವ ಪಾಲು ಕೇಳುವಂತಿಲ್ಲ ಎಂದು ಕಾನೂನೇ ಇದೆ. ಕ್ಯಾಲಿಫೋರ್ನಿಯಾ ಅಷ್ಟು ಉದಾರಿಯಲ್ಲ.

ಇಷ್ಟೆಲ್ಲ ವಿಚಾರ ನನಗೆ ತಾನಾಗಿ ಹೊಳೆದದ್ದಲ್ಲ, ಬೇಲಿಯ ಮೇಲೆ ಬೆಳೆದದ್ದು. ನಮ್ಮದು ಆರಡಿ ಎತ್ತರದ ರೆಡ್‌ವುಡ್ ಹಲಗೆಯ ಬೇಲಿ. ಆಚೆ ಕಡೆ ಯಜಮಾನರು ಬಕೆಟ್ಟೊಂದನ್ನು ಬೋರಲು ಹಾಕಿ ಹತ್ತಿ ನಿಲ್ಲುತ್ತಾರೆ, ಈಚೆ ನಾನು ಕತ್ತೆತ್ತಿ ನಿಲ್ಲುತ್ತೇನೆ. ಹಾಸನದ ಕಡೆಯ ಕೆಎಸ್‌ಆರ್‌ಟಿಸಿ ಡಿಪೊದಲ್ಲಿ ಮೆಕ್ಯಾನಿಕ್ ಆಗಿ ಸೇರಿ ಚಾರ್ಜ್‌ಮನ್ ಆಗಿ ರಿಟೈರ್ ಆದವರು. ಮಗನ ಮನೆಯಲ್ಲಿ ಆರು ತಿಂಗಳಿರಲು ಬಂದಿದ್ದಾರೆ. ಬಂದ ವಾರದಲ್ಲೇ ಮಗನ ಕಾರಿನ ಬಾನೆಟ್ ಎತ್ತಿಸಿ ನೋಡಿ, ಒಳಗೆ ಎಂಜಿನ್ನೇ ಇಲ್ಲದ್ದು ಕಂಡು ಮಂಕಾದರು. ಆವತ್ತಿನಿಂದ ಅವರ ಪ್ರೀತಿಯೆಲ್ಲ ನನ್ನ ಕ್ಯಾಮ್ರಿಯ ಮೇಲೆ.

"ಏನಪ್ಪಾ, ಗಾಜು ಬಿರುಕು ಬಿಟ್ಟದೆ?"

"ಹೂಂ ಯಜಮಾನ್ರೇ. 101 ಹೆದ್ದಾರೀಲಿ ಲಾರಿ ಹಿಂದೆ ಬರ್ತಿದ್ದೆ, ಟಪ್ ಅಂತು."

"ಜಲ್ಲಿ ಲಾರಿಯಾ?"

"ಜಲ್ಲಿ ಲಾರೀನೇ."

"ಅಂದ್ರೆ ಅಮೆರಿಕದಲ್ಲೂ ಜಲ್ಲಿ ಲಾರಿ ಹಿಂದೆ ಹೋಗಬಾರದು ಅಂತಾಯ್ತು" ಎಂದರು. ದೊಡ್ಡದೊಂದು ಸಿದ್ಧಾಂತ ಸಮುದ್ರದಾಚೆಗೂ ನಿಂತ ತೃಪ್ತಿ ಮುಖದಲ್ಲಿತ್ತು.

ಈ ಊರಿನಲ್ಲಿ ಜಲ್ಲಿ ಎಲ್ಲಿಂದ ಬರುತ್ತದೆ ಎಂದು ಅವರಿಗೆ ತಿಳಿಯಲೇಬೇಕಿತ್ತು. ಬಂದರಿನಿಂದ ಎಂದೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಕ್ಷಿಣ ಭಾಗದಲ್ಲಿ ಆಳನೀರಿನ ಬಂದರು ಎಂದರೆ ರೆಡ್‌ವುಡ್ ಸಿಟಿಯದೊಂದೇ. ಹತ್ತೊಂಬತ್ತನೇ ಶತಮಾನದಲ್ಲಿ ಹಿಂದಿನ ಗುಡ್ಡಗಳ ರೆಡ್‌ವುಡ್ ಮರವೆಲ್ಲ ಇಲ್ಲಿಂದ ನೀರಿಗಿಳಿದು ಸ್ಯಾನ್ ಫ್ರಾನ್ಸಿಸ್ಕೊ ಕಟ್ಟಲು ಹೋಯಿತು, ಊರಿಗೆ ಹೆಸರು ಮಾತ್ರ ಉಳಿಯಿತು. ಈಗ ಹಡಗಿನಲ್ಲಿ ಮರಳು, ಜಲ್ಲಿ ಬಂದಿಳಿಯುತ್ತದೆ. ಲಾರಿಗಳು ಅದನ್ನು ಹೊತ್ತು ಸೀಪೋರ್ಟ್ ಬೂಲೆವಾರ್ಡ್ ಹಿಡಿದು 101ಕ್ಕೆ ಸೇರುತ್ತವೆ. ಸಿಲಿಕಾನ್ ಕಣಿವೆಯನ್ನು ಬರೀ ಸಾಫ್ಟ್‌ವೇರ್ ಕಟ್ಟಿತು ಎನ್ನುವವರು ಒಂದು ಬೆಳಿಗ್ಗೆ ಆ ಲಾರಿಗಳ ಹಿಂದೆ ಹೋಗಿ ಬರಬೇಕು, ಗಾಜು ಬದಲಾಯಿಸಲು ದುಡ್ಡಿಟ್ಟುಕೊಂಡು.

"ಟಾರ್ಪಾಲು ಹೊದಿಸಬೇಕು ಅಂತ ಕಾನೂನಿಲ್ವಾ?"

ಇದೆ. ಹೊದಿಸಬೇಕು, ಇಲ್ಲವೇ ಲೋಡು ಅಂಚಿನಿಂದ ಆರು ಇಂಚು ಕೆಳಗಿರಬೇಕು. ಕ್ಯಾಲಿಫೋರ್ನಿಯಾದ ವಾಹನ ಸಂಹಿತೆಯ 23114ನೇ ಕಲಮಿನ ಪ್ರಕಾರ ಗಾಡಿಯಿಂದ ರಸ್ತೆಗೆ ಏನೂ ಬೀಳುವಂತಿಲ್ಲ. ವಿನಾಯಿತಿ ಇರುವುದು ಎರಡಕ್ಕೇ: ಶುದ್ಧ ನೀರು, ಮತ್ತು ಜೀವಂತ ಹಕ್ಕಿಗಳ ಪುಕ್ಕ.

ಯಜಮಾನರು ಬಕೆಟ್ಟಿನ ಮೇಲೆಯೇ ಸ್ವಲ್ಪ ಹೊತ್ತು ಧ್ಯಾನಿಸಿದರು. "ಅಂದ್ರೆ ಕೋಳಿ ಲಾರಿಯವನು ಬಚಾವು. ಸತ್ತ ಕೋಳಿ ಪುಕ್ಕ ಬಿದ್ರೆ ದಂಡ. ಪೊಲೀಸಿನವನು ಪುಕ್ಕ ಹಿಡ್ಕಂಡು ಬದುಕಿತ್ತೋ ಸತ್ತಿತ್ತೋ ಅಂತ ಹೆಂಗೆ ಹೇಳ್ತಾನಪ್ಪಾ?" ಈ ಪ್ರಶ್ನೆಗೆ ಸ್ಯಾಕ್ರಮೆಂಟೊದ ಶಾಸನಸಭೆಯಲ್ಲೂ ಉತ್ತರ ಇರಲಾರದು.

ಬಿರುಕು ನನ್ನ ಪಕ್ಕದ ಸೀಟಿನ ಕಡೆಗಿತ್ತು, ನೋಟಕ್ಕೆ ಅಡ್ಡ ಬರುತ್ತಿರಲಿಲ್ಲ. ಬಂದರೆ ಕಾನೂನು ಬಿಡುವುದಿಲ್ಲ. ತಡೆದ ಪೊಲೀಸು 48 ಗಂಟೆಯೊಳಗೆ ಸರಿಮಾಡಿಸು ಎಂದು ಹೇಳಬೇಕು. ನಾಣ್ಯದಗಲದ ಚುಕ್ಕಿಯಾಗಿದ್ದರೆ ಅಂಟುರಸ ತುಂಬಿಸಿ ಮುಚ್ಚುತ್ತಾರೆ. ಡಾಲರ್ ನೋಟಿನುದ್ದ, ಅಂದರೆ ಆರು ಇಂಚು ಮೀರಿದ ಬಿರುಕಾದರೆ ಬದಲಾಯಿಸಿ ಎನ್ನುತ್ತಾರೆ. ನಮ್ಮ ಬಿರುಕು ನಿಧಾನಸ್ಥ. ಬ್ರಾಡ್‌ವೇ ರಸ್ತೆಯ ಕಮಾನಿನ ಮೇಲೆ ಈ ಊರಿನ ಹವೆ ಸರ್ಕಾರಿ ಪರೀಕ್ಷೆಯಲ್ಲೇ ಅತ್ಯುತ್ತಮ ಎಂದು ಸಾಬೀತಾಗಿದೆ ಅಂತ ಬರೆದಿದ್ದಾರೆ. ನೂರು ವರ್ಷದಷ್ಟು ಹಳೆಯ ಜಂಬ ಅದು. ಮನುಷ್ಯರ ಮಾತು ಏನೋ, ಒಡೆದ ಗಾಜಿಗಂತೂ ಇದು ಒಳ್ಳೆಯ ಹವೆಯೇ. ಮಿನ್ನೆಸೋಟದ ಚಳಿಯಲ್ಲಿ ಹೆಪ್ಪುಗಟ್ಟಿದ ಗಾಜಿಗೆ ಹೀಟರಿನ ಬಿಸಿಗಾಳಿ ಊದಿದರೆ ಬಿರುಕು ಕಣ್ಣೆದುರೇ ಈ ತುದಿಯಿಂದ ಆ ತುದಿಗೆ ಓಡುತ್ತದೆ. ಇಲ್ಲಿ ಅದಕ್ಕೂ ಅವಸರವಿಲ್ಲ. ಯಜಮಾನರು ಮೊಮ್ಮಗಳ ಸ್ಕೆಚ್ ಪೆನ್ ತಂದು ಬಿರುಕಿನ ತುದಿಗೆ ಗೆರೆ ಎಳೆದರು, ವಾರಕ್ಕೊಂದು ಬಣ್ಣ. ದಿನವೂ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದು "ಇವತ್ತು ಒಂದು ನೂಲು ಸರಿದದೆ" ಎಂದು ವರದಿ ಕೊಡುತ್ತಿದ್ದರು. ಶೇರು ಮಾರುಕಟ್ಟೆಯಲ್ಲಿ ಮುಳುಗಿದ್ದ ಅವರ ಮಗನಿಗೆ ಈ ಏರಿಕೆಯಲ್ಲಿ ಆಸಕ್ತಿ ಇರಲಿಲ್ಲ.

"ನಮ್ ಕಾಲದಲ್ಲಿ ಗಾಜು ಹಾಕೋದು ಒಂದು ವಿದ್ಯೆ ಕಣಪ್ಪಾ." ಡಿಪೊ ಪುರಾಣ ಶುರುವಾಯಿತು. ಆಗಿನ ಬಸ್ಸಿಗೆ ಮುಂದೆ ಎರಡು ಚಪ್ಪಟೆ ಗಾಜು, ನಡುವೆ ಒಂದು ಕಂಬಿ. ಒಂದು ಹೋದರೆ ಅಷ್ಟಕ್ಕೇ ಖರ್ಚು. ಗಾಜಿನ ಸುತ್ತ ರಬ್ಬರ್ ಬೀಡಿಂಗ್ ಕೂರಿಸಿ, ಅದರ ಸಂದಿನಲ್ಲಿ ಹುರಿ ಸುತ್ತಿ, ಸೋಪಿನ ನೀರು ಬಳಿದು, ಹೊರಗಿನಿಂದ ಒಬ್ಬ ಅಂಗೈಯಲ್ಲಿ ಗಾಜು ಒತ್ತಿ ಹಿಡಿಯಬೇಕು. ಒಳಗಿನಿಂದ ಇನ್ನೊಬ್ಬ ಹುರಿಯ ತುದಿ ಹಿಡಿದು ಸುತ್ತಲೂ ಎಳೆದುಕೊಂಡು ಹೋದರೆ ರಬ್ಬರಿನ ತುಟಿ ಅಂಚಿನ ಮೇಲೆ ತಾನಾಗಿ ಮಡಚಿ ಕೂರುತ್ತದೆ. ಅಂಟಿಲ್ಲ, ಕಾಯುವುದಿಲ್ಲ. ಹುರಿ ಈಚೆ ಬಂತು ಅಂದರೆ ಬಸ್ಸು ರೂಟಿಗೆ ಹೊರಟಿತು. "ಬಂದ್ ಆದ ಮಾರನೇ ದಿನ ನೋಡ್ಬೇಕಿತ್ತು. ಸಾಲಾಗಿ ನಿಂತಿರೋವು. ಜನಕ್ಕೆ ಯಾರ ಮೇಲೆ ಕೋಪ ಬಂದ್ರೂ ಕಲ್ಲು ನಮ್ ಗಾಜಿಗೇ."

ಆ ಗಾಜು ಟಫನ್ಡ್. ಪೆಟ್ಟು ಬಿದ್ದರೆ ಇಡೀ ಗಾಜು ಒಟ್ಟಿಗೇ ಹರಳುಗಟ್ಟಿ ಮುಂದಿನದೇನೂ ಕಾಣದು. ಡ್ರೈವರ್ ಮುಷ್ಟಿಯಲ್ಲಿ ಗುದ್ದಿ ಒಂದು ಕಿಂಡಿ ಮಾಡಿಕೊಂಡು ಡಿಪೊವರೆಗೆ ಗಾಡಿ ತರುತ್ತಿದ್ದನಂತೆ. ಆಮೇಲೆ ನಮ್ಮಲ್ಲೂ ಮುಂದಿನ ಗಾಜು ಲ್ಯಾಮಿನೇಟೆಡ್ ಆಗಿರಲೇಬೇಕು ಎಂದು ನಿಯಮ ಬಂತು. ಎರಡು ತೆಳು ಗಾಜಿನ ನಡುವೆ ಮುಕ್ಕಾಲು ಮಿಲಿಮೀಟರಿನಷ್ಟು ಪ್ಲಾಸ್ಟಿಕ್ ಹಾಳೆ. ಯಜಮಾನರ ಮನೆಯವರು, ಬೇಲಿಯಾಚೆ ಕೊತ್ತಂಬರಿ ಕೀಳುತ್ತಿದ್ದವರು, "ಹೂರಣ ಇಟ್ಟ ಒಬ್ಬಟ್ಟು ಅನ್ನಿ" ಎಂದರು. ಒಡೆದರೂ ಚೂರು ಹೂರಣಕ್ಕೇ ಅಂಟಿಕೊಂಡಿರುತ್ತದೆ, ಮುಖಕ್ಕೆ ಹಾರುವುದಿಲ್ಲ.

ಇದನ್ನು ಕಂಡುಹಿಡಿದವನು ಎದುವಾರ್ ಬೆನೆಡಿಕ್ಟಸ್ ಎಂಬ ಫ್ರೆಂಚ್ ಮನುಷ್ಯ. ಚಿತ್ರಕಾರ, ರಸಾಯನಶಾಸ್ತ್ರಿ ಎರಡೂ. 1903ರಲ್ಲಿ ಅವನ ಪ್ರಯೋಗಶಾಲೆಯಲ್ಲಿ ಗಾಜಿನ ಬುರುಡೆಯೊಂದು ಕೆಳಗೆ ಬಿತ್ತು. ಒಡೆಯಿತು, ಆದರೆ ಚೆಲ್ಲಾಪಿಲ್ಲಿಯಾಗಲಿಲ್ಲ. ಒಳಗಿದ್ದ ಸೆಲ್ಯುಲೋಸ್ ನೈಟ್ರೇಟ್ ದ್ರಾವಣ ಒಣಗಿ ಪೊರೆ ಕಟ್ಟಿ ಚೂರುಗಳನ್ನು ಹಿಡಿದುಕೊಂಡಿತ್ತು. 1909ರಲ್ಲಿ ಪೇಟೆಂಟ್ ಮಾಡಿಸಿದ. ಅದೇ 1903ರಲ್ಲಿ ಅಲಬಾಮದ ಮೇರಿ ಆಂಡರ್ಸನ್ ಎಂಬಾಕೆ ವೈಪರಿಗೆ ಪೇಟೆಂಟ್ ಪಡೆದಳು. ಗಾಜು ಒಡೆದರೆ ಏನು, ಒದ್ದೆಯಾದರೆ ಏನು, ಎರಡಕ್ಕೂ ಒಂದೇ ವರ್ಷ ಉತ್ತರ ಹುಟ್ಟಿತು ಎಂದೆ. "ಬಿಸಿಲು ಹೊಡೆದ್ರೆ ಏನು ಅನ್ನೋದಕ್ಕೆ ಯಾರೂ ಹುಟ್ಟಲಿಲ್ವಲ್ಲ" ಎಂದರು, ಸಂಜೆ ಬಿಸಿಲಿಗೆ ಕೈ ಅಡ್ಡ ಹಿಡಿದು.

ಅವರಿಗೆ ಒಪ್ಪಿಗೆಯಾಗದ್ದು ಒಂದೇ: ಈಗ ಗಾಜನ್ನು ಅಂಟಿಸುತ್ತಾರೆ ಎಂಬುದು. "ಗಾಜನ್ನ ಗೋಂದಲ್ಲಿ ನಿಲ್ಸೋದಾ?" ಗೋಂದಲ್ಲ, ಯುರಿಥೇನ್. ಈಗಿನ ಕಾರಿನಲ್ಲಿ ಆ ಗಾಜು ಬರೀ ಗಾಳಿ ತಡೆಯುವುದಿಲ್ಲ. ಕಾರು ಮಗುಚಿದರೆ ಚಾವಣಿ ಕುಸಿಯದಂತೆ ಹೆಗಲು ಕೊಡುತ್ತದೆ. ಪಕ್ಕದ ಸೀಟಿನ ಏರ್‌ಬ್ಯಾಗ್ ಹಿಗ್ಗುವಾಗ ಗಾಜಿಗೆ ಬೆನ್ನು ಕೊಟ್ಟೇ ಮನುಷ್ಯನತ್ತ ತಿರುಗುತ್ತದೆ. ಅಂಟು ಸರಿಯಾಗದಿದ್ದರೆ ಅಪಘಾತದಲ್ಲಿ ಗಾಜು ಹೊರಕ್ಕೆ, ಏರ್‌ಬ್ಯಾಗೂ ಅದರ ಹಿಂದೆ.

ಹಾಗಾಗಿ ಗಾಜು ಹಾಕುವವರು ಮನೆ ಮುಂದೆ ವ್ಯಾನು ನಿಲ್ಲಿಸಿದ ಶನಿವಾರ ಯಜಮಾನರು ಬಕೆಟ್ಟು ಬಿಟ್ಟು ಗೇಟು ದಾಟಿ ಈಚೆಗೇ ಬಂದರು. ಬಂದ ಇಬ್ಬರೂ ಸ್ಪ್ಯಾನಿಷ್ ಆಡುವವರು. ಇವರದು ಹಾಸನದ ಕನ್ನಡ. ಆದರೂ ಮಾತಿಗೆ ಕೊರತೆಯಾಗಲಿಲ್ಲ. ವೈಪರ್ ಬಿಚ್ಚಿದರು, ತಳದ ಪ್ಲಾಸ್ಟಿಕ್ ಎಬ್ಬಿಸಿದರು, ಹಳೇ ಅಂಟಿನೊಳಗೆ ಸಣ್ಣ ತಂತಿ ತೂರಿಸಿ ಸುತ್ತ ಕೊಯ್ದರು, ಹೀರುಬಟ್ಟಲು ಒತ್ತಿ ಗಾಜು ಎತ್ತಿದರು. ಆಗ ಬಂತು ಹಳೇ ಕಾರಿನ ನಿಜವಾದ ಪರೀಕ್ಷೆ: ಗಾಜಿನ ಕೆಳಗೆ ಚೌಕಟ್ಟಿನಲ್ಲಿ ತುಕ್ಕು ಹಿಡಿದಿದೆಯೇ? ಅಂಟು ಎಷ್ಟೇ ಒಳ್ಳೆಯದಿದ್ದರೂ ತುಕ್ಕಿನ ಮೇಲೆ ಹಾಕಿದರೆ ತುಕ್ಕಿನ ಜತೆಗೇ ಎದ್ದು ಬರುತ್ತದೆ. ಯಜಮಾನರು ಬಗ್ಗಿ ಒಂದು ಮೂಲೆಗೆ ಬೆರಳಿಟ್ಟರು. ಬಂದವರಲ್ಲೊಬ್ಬ ತಲೆಯಾಡಿಸಿದ, ಕೆರೆದ, ಉಜ್ಜಿದ, ಪ್ರೈಮರ್ ಬಳಿದ. ಇವರೂ ತಲೆಯಾಡಿಸಿದರು. ಹಳೇ ಯುರಿಥೇನನ್ನು ಪೂರಾ ಕೀಳದೆ ತೆಳ್ಳಗೆ ಒಂದು ಪದರ ಉಳಿಸಿ, ಅದರ ಮೇಲೆ ಹೊಸ ಅಂಟಿನ ಮುಕ್ಕೋನದ ಸಾಲು ಎಳೆದು, ಇಬ್ಬರೂ ಎರಡು ಕಡೆ ಹಿಡಿದು ಗಾಜು ಇಳಿಸಿದರು. ಅಂಟು ಹಿಡಿಯಲು ಇನ್ನೊಂದೆರಡು ಗಂಟೆ ಓಡಿಸಬೇಡಿ, ಕಿಟಕಿ ಒಂದು ಬೆರಳು ಇಳಿಸಿಟ್ಟಿರಿ, ಬಾಗಿಲು ಬಡಿಯಬೇಡಿ ಎಂದರು. ಎಲ್ಲ ಮುಚ್ಚಿದ ಕಾರಿನ ಬಾಗಿಲು ದಢಾರನೆ ಹಾಕಿದರೆ ಒಳಗಿನ ಗಾಳಿ ಹಸಿ ಅಂಟನ್ನು ಹೊರಕ್ಕೆ ನೂಕುತ್ತದಂತೆ. ಇದನ್ನು ಮಕ್ಕಳಿಗೆ ಹೇಳಿಕೊಡುವ ಹೊಣೆ ಯಜಮಾನರು ಹೊತ್ತರು. ಎರಡು ಗಂಟೆ ಕಾರಿನ ಬಳಿಯೇ ಕುರ್ಚಿ ಹಾಕಿ ಕೂತರು.

ಗಾಜಿನ ಮೂಲೆಯ ಮುದ್ರೆಯಲ್ಲಿ ಫುಯಾವೊ ಎಂಬ ಚೀನೀ ಕಂಪನಿಯ ಹೆಸರಿತ್ತು. ಒಹಾಯೊದಲ್ಲಿ ಜನರಲ್ ಮೋಟರ್ಸ್ ಕಂಪನಿಯ ಮುಚ್ಚಿಹೋದ ಕಾರ್ಖಾನೆಯನ್ನೇ ಕೊಂಡು ಗಾಜು ಮಾಡುವವರು. ಆ ಕಥೆಯ ಸಾಕ್ಷ್ಯಚಿತ್ರ 'ಅಮೆರಿಕನ್ ಫ್ಯಾಕ್ಟರಿ' 2020ರಲ್ಲಿ ಆಸ್ಕರ್ ಪಡೆಯಿತು. ಜಪಾನಿನ ಹೆಸರಿನ ಕಾರು, ಚೀನಾದ ಹೆಸರಿನ ಗಾಜು, ಮೆಕ್ಸಿಕೊ ಮೂಲದ ಕೈಗಳು, ಮೇಲ್ವಿಚಾರಣೆ ಹಾಸನದ್ದು. ಇನ್ನು ದೇವರೊಬ್ಬ ಬಾಕಿ. ಯಜಮಾನರ ಮನೆಯವರು ಕುಂಕುಮದ ಭರಣಿಯನ್ನೂ ಗಾಜಿಗೆ ಅಂಟಿಸಲು ಗಣಪತಿಯನ್ನೂ ತಂದೇಬಿಟ್ಟರು. ಲಿವರ್‌ಮೋರ್ ದೇವಸ್ಥಾನಕ್ಕೆ ಹೋಗಿ ಪೂಜೆ ಮಾಡಿಸಿ, ನಮ್ಮೂರ ವುಡ್‌ಸೈಡ್ ರೋಡಾಗಿ ಹೋಗುವ 84ನೇ ಹೆದ್ದಾರಿಯೇ ಡಂಬಾರ್ಟನ್ ಸೇತುವೆ ದಾಟಿ ಅಲ್ಲಿಗೂ ಹೋಗುತ್ತದಲ್ಲ ಎಂದರು. ಗಾಜಿನ ಮೇಲೆ ಎಲ್ಲೆಂದರಲ್ಲಿ ಅಂಟಿಸುವಂತಿಲ್ಲ, ಚಾಲಕನಿಂದ ದೂರದ ಕೆಳಮೂಲೆಯಲ್ಲಾದರೆ ಏಳು ಇಂಚು ಚೌಕ ಬಿಟ್ಟಿದ್ದಾರೆ ಎಂದೆ. "ಗಣಪತಿಗೆ ಏಳಿಂಚು ಸಾಕಪ್ಪಾ, ಅವನೇನು ದೊಡ್ಡ ಜಾಗ ಕೇಳ್ತಾನಾ?" ಎಂದು ಅಳತೆ ಮಾಡಿ ಕೂರಿಸಿದರು.

ಹೊಸ ಗಾಜಿನಲ್ಲಿ ಮೊದಲ ಸಂಜೆ ಎಲ್ ಕಮಿನೊ ರಿಯಲ್‌ನಲ್ಲಿ ಹೋಗುವಾಗ ತಿಳಿಯಿತು, ಹಳೆಯದು ಎಷ್ಟು ಚುಕ್ಕಿ ಬಿದ್ದು ಮಬ್ಬಾಗಿತ್ತೆಂದು. ಗಾಜಿನ ಆಚೆಗೆ ನೋಡುವವರು ಗಾಜನ್ನು ನೋಡುವುದಿಲ್ಲ. 1954ರ ಏಪ್ರಿಲ್‌ನಲ್ಲಿ ಸಿಯಾಟಲ್ ಜನಕ್ಕೆ ಇದೇ ಆಯಿತು. ಕಾರಿನ ಗಾಜಿನಲ್ಲಿ ಗುಳಿ ಬೀಳುತ್ತಿವೆ ಎಂದು ಯಾರೋ ಹೇಳಿದರು, ಎಲ್ಲರೂ ತಂತಮ್ಮ ಗಾಜು ನೋಡಿಕೊಂಡರು, ಎಲ್ಲರ ಗಾಜಿನಲ್ಲೂ ಗುಳಿ. ಪೆಸಿಫಿಕ್‌ನಲ್ಲಿ ಸಿಡಿಸಿದ ಹೈಡ್ರೋಜನ್ ಬಾಂಬಿನ ಬೂದಿಯೇ ಇರಬೇಕೆಂದು ಹುಯಿಲೆದ್ದಿತು, ಅಲ್ಲಿನ ಮೇಯರು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರ ಸಹಾಯ ಬೇಡಿದರು. ಗುಳಿಗಳು ಮೊದಲೇ ಇದ್ದವು, ರಸ್ತೆಯ ಕಲ್ಲಿನವು. ಯಜಮಾನರಿಗೆ ಈ ಕಥೆ ಹೇಳಿದರೆ "ಆ ಬಾಂಬಿನ ಲಾರಿಗೆ ಟಾರ್ಪಾಲು ಹೊದಿಸಿರಲಿಲ್ಲ ಅನ್ನು" ಎಂದರು.

ಯಜಮಾನರ ಮಗನ ಕಾರಿನ ಗಾಜೂ ಒಮ್ಮೆ ಒಡೆಯಿತು. ಅದರ ಹಿಂದೆ ಕ್ಯಾಮೆರಾಗಳು ಕೂತಿವೆ. ಗಾಜು ಹಾಕಿದ ಮೇಲೆ ಅವುಗಳ ದೃಷ್ಟಿಯನ್ನು ಕಂಪ್ಯೂಟರ್ ಹೊಂದಿಸಬೇಕು, ಬಿಲ್ಲು ಸಾವಿರ ದಾಟಿತು. ಫೋನಿನಲ್ಲಿ ಬುಕ್ ಮಾಡಿದ, ಕಾರು ಹೋಯಿತು, ಕಾರು ಬಂತು. ಯಾರೂ ಯಾರಿಗೂ ಏನೂ ಹೇಳಲಿಲ್ಲ. ನನ್ನ ಹಳೇ ಗಾಜಿಗೆ ಬರೀ ಆಚೆಗಿದ್ದದ್ದು ಕಾಣಿಸುವುದು ಕೆಲಸ. ಆದರೂ ಅದು ಒಡೆದು ಎರಡು ಮನೆಗೆ ಎರಡು ತಿಂಗಳು ಮಾತು ಕೊಟ್ಟಿತು. ಮುನ್ನೂರೈವತ್ತು ಡಾಲರಿಗೆ ಈ ಕಣಿವೆಯಲ್ಲಿ ಇಷ್ಟು ಹರಟೆ ಬೇರೆಲ್ಲಿ ಸಿಗುತ್ತದೆ ಎಂದು ಹೆಂಡತಿಗೆ ಲೆಕ್ಕ ಒಪ್ಪಿಸಿದೆ. ಅವಳಿಗೆ ಒಪ್ಪಿಗೆಯಾಗಲಿಲ್ಲ.

ಗಾಜಿನ ಕಥೆ ಮುಗಿದ ಮೇಲೆ ಎರಡು ದಿನ ಬೇಲಿಯಾಚೆ ಬಕೆಟ್ಟಿನ ಸದ್ದಿರಲಿಲ್ಲ. ಮೂರನೇ ದಿನ ತಲೆ ಕಾಣಿಸಿತು, ಮುಖದಲ್ಲಿ ಕಳೆ.

"ಅಲ್ಲಪ್ಪಾ, ನಿನ್ ಕಾರಿನ ಸೈಲೆನ್ಸರ್ ಒಂಚೂರು ಗೊರಗೊರ ಅಂತದಲ್ಲ, ಕೇಳಿಸ್ಕಂಡ್ಯಾ?"