ಹಿತ್ತಲಲ್ಲೊಂದು ರಿಂಕು

ಮೈ ನಡುಗುವ ಚಳಿಯಲ್ಲಿ, ನಡುರಾತ್ರಿ, ಹಿತ್ತಲಿಗೆ ಪೈಪಿನಲ್ಲಿ ನೀರು ಬಿಡುತ್ತ ನಿಂತವನಿಗೆ ನಮ್ಮ ತುಮಕೂರಿನ ಕಡೆ ತಾಯತ ಕಟ್ಟಿಸುತ್ತಾರೆ. ಕೆನಡಾದ ಒಂಟಾರಿಯೊದಲ್ಲಿ ಅವನು ಒಳ್ಳೆಯ ಅಪ್ಪ. ಇಲ್ಲಿಯ ಬ್ರಾಂಟ್‌ಫರ್ಡ್‌ನ ವಾಲ್ಟರ್ ಗ್ರೆಟ್ಸ್‌ಕಿ ಹೀಗೆ ಹಿತ್ತಲಲ್ಲಿ ನೀರು ಹೆಪ್ಪುಗಟ್ಟಿಸಿಯೇ ಮಗ ವೇಯ್ನ್‌ನನ್ನು ಐಸ್ ಹಾಕಿಯ ದೊರೆ ಮಾಡಿದರಂತೆ. ಈ ಕಥೆಯನ್ನು ನನ್ನ ಮಕ್ಕಳಿಗೆ ಯಾರೋ ಪುಣ್ಯಾತ್ಮರು ಹೇಳಿಬಿಟ್ಟಿದ್ದಾರೆ.

ನನಗೆ ಐಸಿನ ಮೇಲೆ ನಿಲ್ಲಲು ಬಾರದು. ಬೇಲಿ ಹಿಡಿದುಕೊಂಡು ಭಾಷಣ ಮಾಡಲು ಬರುತ್ತದೆ.

"ರಿಂಕ್ ಅನ್ನೋದು ಸ್ಕಾಟ್ಲೆಂಡಿನ ಮಾತು ಕಣ್ರೋ. ಹಳೇ ಫ್ರೆಂಚಿನಲ್ಲಿ ಸಾಲಿಗೆ 'ರೆಂಕ್' ಅಂತಿದ್ರು, ಬಹುಶಃ ಅದರಿಂದ ಬಂದದ್ದು. ರ‍್ಯಾಂಕ್ ಇದರ ದಾಯಾದಿ."

ರ‍್ಯಾಂಕ್ ಎಂದೊಡನೆ ಒಳಗಿದ್ದ ಹೆಂಡತಿಯ ಕಿವಿ ನೆಟ್ಟಗಾಯಿತು. "ಯಾರಿಗೆ ಬಂತು?"

"ಮೊದಲು ಇದಕ್ಕೂ ಐಸಿಗೂ ಸಂಬಂಧವೇ ಇರಲಿಲ್ಲ. ಕುದುರೆ ಮೇಲೆ ಈಟಿ ಹಿಡಿದು ಕಾದಾಡೋ ಕಣ..." ಅಷ್ಟರಲ್ಲಿ ಮಕ್ಕಳು ಆಚೆ ತುದಿ ಸೇರಿದ್ದರು. ಶಾಲು ಹೊದ್ದು ಬಾಗಿಲಲ್ಲಿ ನಿಂತ ಅತ್ತೆಯೊಬ್ಬರೇ ಶ್ರೋತೃಗಳು. "ಕಾದಾಡೋಕೆ ಇಷ್ಟು ದೂರ ಯಾಕೆ, ಅಡುಗೆಮನೆ ಇರಲಿಲ್ವೇ?" ಎಂದರು.

ನಾನು ಬಿಡುವವನಲ್ಲ. 1787ರಲ್ಲಿ ರಾಬರ್ಟ್ ಬರ್ನ್ಸ್ ತನ್ನ ಪದ್ಯದಲ್ಲಿ ರಿಂಕನ್ನು ತಂದದ್ದು ಕರ್ಲಿಂಗ್ ಆಟಕ್ಕಾಗಿ. ಸ್ಕೇಟಿಂಗಿನವರು ಆ ಹೆಸರನ್ನು ಎರವಲು ಪಡೆದದ್ದು ಆಮೇಲೆ. 1876ರಲ್ಲಿ ಲಂಡನ್ನಿನ ಚೆಲ್ಸಿಯಲ್ಲಿ ಜಾನ್ ಗ್ಯಾಮ್ಜಿ ಎಂಬ ಪಶುವೈದ್ಯ ತಾಮ್ರದ ಕೊಳವೆಗಳ ಮೇಲೆ ನೀರು ಹೆಪ್ಪುಗಟ್ಟಿಸಿ, ಚಳಿಗಾಲವನ್ನೇ ಕಾಯಬೇಕಿಲ್ಲದ ರಿಂಕ್ ತೆರೆದ. ದನದ ಡಾಕ್ಟರಿಗೆ ಇದೆಲ್ಲ ಯಾಕೆ ಎಂದು ಅತ್ತೆ ಕೇಳಿದರು. ಒಳ್ಳೆಯ ಪ್ರಶ್ನೆ, ಮುಂದಕ್ಕೆ ಹೋದೆ.

ಕರ್ಲಿಂಗಿನಲ್ಲಿ ನಾಲ್ವರ ತಂಡಕ್ಕೂ ರಿಂಕ್ ಎಂದೇ ಹೆಸರು. ನಾವೂ ನಾಲ್ವರು! ಈ ವಂಶಗೌರವವನ್ನು ಘೋಷಿಸಿದ ಮೇಲೆ ಆಟದ ನಿಯಮಗಳನ್ನೂ ವಿವರಿಸಿದ್ದು ಅತಿಯಾಯಿತು. ಒಬ್ಬರು ಇಪ್ಪತ್ತು ಕಿಲೋ ತೂಗುವ ಗ್ರಾನೈಟ್ ಕಲ್ಲನ್ನು ಜಾರಿಸುತ್ತಾರೆ. ತಂಡದ ಯಜಮಾನ, ಅಂದರೆ ಸ್ಕಿಪ್, ಆ ತುದಿಯಲ್ಲಿ ನಿಂತು ಕೂಗುತ್ತಿರುತ್ತಾನೆ. ಉಳಿದವರು ಕಲ್ಲಿನ ಮುಂದೆ ಮುಂದೆ ಪೊರಕೆ ಹಿಡಿದು ಗುಡಿಸುತ್ತಾರೆ. ಗುಡಿಸಿದಷ್ಟೂ ಐಸು ತುಸು ಬೆಚ್ಚಗಾಗಿ ಕಲ್ಲು ದೂರ ಸಾಗುತ್ತದೆ.

"ಸ್ಕಿಪ್ ನಾನೇ," ಎಂದಳು ಹೆಂಡತಿ, ಕಿಟಕಿ ತೆರೆದು. ಮಕ್ಕಳು ಜಾರುವ ಕೆಲಸ ಆಗಲೇ ವಹಿಸಿಕೊಂಡಿದ್ದರು. ರಿಂಕಿನ ಮೇಲೆ ಮೊಣಕಾಲುದ್ದ ಹಿಮ ಬಿದ್ದ ಮಾರನೆಯ ಬೆಳಿಗ್ಗೆ, ಯಾರ ಕೈಗೆ ಏನು ಬಂತೆಂದು ಚರ್ಚೆಯಾಗಲಿಲ್ಲ.

"ಎಡಕ್ಕೆ! ಇನ್ನೂ ಎಡಕ್ಕೆ! ಮೂಲೇಲಿ ಬಿಟ್ಟಿದೀರಿ!"

ಅತ್ತೆ ನನ್ನ ಕೆಲಸವನ್ನು ಬಹಳ ಹೊತ್ತು ನೋಡಿದರು. "ಅಳಿಯಂದ್ರು ಚೊಕ್ಕಟವಾಗಿ ಗುಡಿಸಿದ್ದಾರೆ ಕಣೇ. ಡಬ್ಬಿ ತಗೊಂಬಾ, ಒಂದೆಳೆ ರಂಗೋಲಿ ಹಾಕಿಬಿಡ್ತೀನಿ."