ಆಟಿ ಕಳೆಯಲಿ ಅಕ್ಕ, ಆಮೇಲೆ ಚಟ್ಟಿ ಬದಲಿಸುವಾ

"ಅಕ್ಕಾ, ಅದನ್ನು ಈಗ ಮಗುಚಬೇಡಿ!" ಎಂದು ದಾಸವಾಳದ ಬೇಲಿಯ ಈಚೆಯಿಂದ ಕೂಗಿಯೇಬಿಟ್ಟೆ. ಮಳೆ ಚೂರು ಬಿಟ್ಟಿತ್ತು. ಆಚೆಮನೆ ಅಕ್ಕ ಜಗಲಿಯ ಆಂಥೂರಿಯಂ ಚಟ್ಟಿಯನ್ನು ಅಂಗಳಕ್ಕೆ ತಂದು ಕವುಚಿ ಹಾಕಲು ಹೊರಟಿದ್ದರು.

"ಮತ್ತೆ ಯಾವಾಗ ಮಾರಾಯ್ತಿ? ಆಟಿಯಲ್ಲೇ ಅಲ್ವಾ ಕೈ ಬಿಡುವು?" ಎಂದರು.

ಅದೂ ಹೌದು. ಆಟಿ ಎಂದರೆ ತುಳುನಾಡಿನ ಜಡಿಮಳೆಯ ತಿಂಗಳು. ಪುತ್ತೂರು, ಸುಳ್ಯ, ಕಡಬ ಎಲ್ಲ ಕಡೆಯೂ ಜಾತ್ರೆ, ಕೋಲ ಪತ್ತನಾಜೆಗೇ ಮುಗಿದಿರುತ್ತದೆ. ಹೊರಗೆ ಹೋಗಲು ಮಳೆ ಬಿಡುವುದಿಲ್ಲ. ಈಗ ಊರಿದ ದಾಸವಾಳದ ಗೆಲ್ಲು, ಕ್ರೋಟನ್ ಗೆಲ್ಲು ಚಿಗುರುತ್ತದೆ ಎಂದು ಚಟ್ಟಿಯನ್ನೂ ಈಗಲೇ ಬದಲಿಸುವವರು ಬಹಳ. ಗೆಲ್ಲು ಊರುವುದು ಬೇರೆ, ಬೇರು ಬಿಡಿಸುವುದು ಬೇರೆ. ಎಷ್ಟು ಜಾಗ್ರತೆ ಮಾಡಿದರೂ ಸಣ್ಣ ಬೇರು ಹರಿಯುತ್ತದೆ. ಬಿಸಿಲಿಲ್ಲ, ಮಣ್ಣು ಒಣಗುವುದಿಲ್ಲ, ಗಾಯ ಮಾಯುವ ಮೊದಲೇ ಕೊಳೆ ಹಿಡಿಯುತ್ತದೆ. ತೋಟದಲ್ಲಿ ಅಡಿಕೆಗೆ ಕೊಳೆರೋಗ ಬರುವುದೂ ಇದೇ ಮಳೆಗೆ. ಆ ಬಳಗದ ಸೂಕ್ಷ್ಮಜೀವಿಗಳೇ ಚಟ್ಟಿಯ ಬೇರನ್ನೂ ಕಾಡುವುದುಂಟು. ಅಮ್ಮ ಕೊಟ್ಟಿದ್ದ ಬಿಳಿ ಆಂಥೂರಿಯಂ ಒಂದನ್ನು ನಾನು ಆಟಿಯಲ್ಲೇ ಬದಲಿಸಿ ಕಳಕೊಂಡೆ. ಹದಿನೈದೇ ದಿನದಲ್ಲಿ ಬುಡ ಮೆತ್ತಗಾಗಿ ವಾಸನೆ ಬಂತು. ಅದರ ಬೇಸರ ಇನ್ನೂ ಹೋಗಿಲ್ಲ.

ಪುಸ್ತಕಗಳಲ್ಲಿ ವಸಂತದಲ್ಲಿ ಬದಲಿಸಿ ಎಂದಿರುತ್ತದೆ. ಅದು ಹಿಮ ಬೀಳುವ ದೇಶದ ಲೆಕ್ಕ. ನಮ್ಮಲ್ಲಿ ಏಪ್ರಿಲ್ ಎಂದರೆ ಉರಿಸೆಕೆ. ಪತ್ತನಾಜೆ, ಅಂದರೆ ಮೇ 24ರ ಆಸುಪಾಸು ಕಳೆದು, ಎರಡು ಮಳೆ ಬಿದ್ದು ನೆಲ ತಣಿದಾಗ ಒಂದು ಹೊತ್ತು. ಅದು ತಪ್ಪಿದರೆ ಚೌತಿಯ ನಂತರ ಎಳೆಬಿಸಿಲು ಬೀಳುವಾಗ. ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಸುರಿಯುವ ಊರಿಗೆ ಇದೇ ಸರಿ.

ಬದಲಿಸಲೇಬೇಕಾ ಎಂದೂ ನೋಡಬೇಕು. ತೂತಿನಿಂದ ಬೇರು ಇಣುಕಿದರೆ, ಹೊಯ್ದ ನೀರು ನಿಲ್ಲದೆ ಸೀದಾ ಕೆಳಗಿಳಿದರೆ, ಹೊಸ ಎಲೆ ಸಣ್ಣದಾಗುತ್ತಾ ಬಂದರೆ ಮಾತ್ರ. ಹಾಗೆಂದು ಆರಿಂಚಿನಿಂದ ಹನ್ನೆರಡಕ್ಕೆ ಹಾರಬಾರದು, ಎಂಟಿಂಚು ಸಾಕು. ಬೇರು ಮುಟ್ಟದ ಮಣ್ಣು ನೀರು ಹಿಡಿದುಕೊಂಡೇ ಇರುತ್ತದೆ.

ಆಂಥೂರಿಯಂ ಕೊಲಂಬಿಯಾ, ಈಕ್ವೆಡಾರ್ ಕಡೆಯ ಕಾಡಿನ ಗಿಡ, ಮರದ ಮೇಲೆಯೂ ಬದುಕುತ್ತದೆ. ಅದರ ಬೇರಿಗೆ ಗಾಳಿ ಬೇಕು. ಬರಿಯ ಕೆಂಪು ಮಣ್ಣು ತುಂಬಿದರೆ ಉಸಿರು ಕಟ್ಟುತ್ತದೆ. ಬೇಸಿಗೆಯಲ್ಲಿ ಮಾಡಿಟ್ಟ ಸುಡುಮಣ್ಣು ಒಂದು ಪಾಲು, ಒಂದು ವರ್ಷ ಮಳೆಗೆ ನೆನೆದು ಹಳತಾದ ಅಡಿಕೆ ಸಿಪ್ಪೆ ಅಥವಾ ತೆಂಗಿನ ನಾರಿನ ತುಂಡು ಎರಡು ಪಾಲು, ಹುಡಿಯಾದ ಹಟ್ಟಿಗೊಬ್ಬರ ಒಂದು ಮುಷ್ಟಿ. ಹಸಿ ಸಿಪ್ಪೆ ಬೇಡ. ಕಾಂಡ ಉದ್ದಕ್ಕೆ ಏರಿ ನಡುವಿನಲ್ಲಿ ಬಿಳಿ ಬೇರು ಬಿಟ್ಟಿದ್ದರೆ, ಆ ಬೇರಿನ ಕೆಳಗೆ ಹರಿತ ಕತ್ತಿಯಲ್ಲಿ ಕೊಯ್ದು ಮೇಲಿನ ತುಂಡನ್ನೇ ನೆಡಬಹುದು. ಕೊಯ್ದ ಬಾಯಿಗೆ ನಾನು ಅರಸಿನ ಹುಡಿ ಹಚ್ಚುತ್ತೇನೆ. ಹಳೆ ಬುಡವೂ ಹೆಚ್ಚಾಗಿ ಚಿಗುರುತ್ತದೆ.

ಅಡಿಗೆ ದಪ್ಪಕ್ಕೆ ಜಲ್ಲಿ ತುಂಬುವ ಅಭ್ಯಾಸ ಬಿಡಬೇಕು. ನೀರು ಮಣ್ಣಿನಿಂದ ಜಲ್ಲಿಗೆ ಸುಲಭದಲ್ಲಿ ಇಳಿಯುವುದಿಲ್ಲ, ಜಲ್ಲಿಯ ಮೇಲಿನ ಮಣ್ಣಿನಲ್ಲೇ ತಂಗುತ್ತದೆ. ಮಣ್ಣು ಜಾರದಂತೆ ತೂತಿಗೆ ಒಡೆದ ಹಂಚಿನ ಒಂದು ಚೂರು ಅಡ್ಡ ಇಟ್ಟರೆ ಆಯಿತು. ಮಂಗಳೂರಿನಲ್ಲಿ ಬಾಸೆಲ್ ಮಿಶನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಸುರು ಮಾಡಿದ ಮೇಲೆ ಹಂಚು ಮನೆಮಾತಾದ ಊರು ನಮ್ಮದು. ಹಿತ್ತಿಲಲ್ಲಿ ಹುಡುಕಿದರೆ ಚೂರು ಸಿಕ್ಕೇ ಸಿಗುತ್ತದೆ.

ಹಿಂದಿನ ದಿನ ನೀರು ಹೊಯ್ದಿಡಿ, ಚಟ್ಟಿಯಿಂದ ಬಿಡಿಸಲು ಸುಲಭ. ಕಪ್ಪಾಗಿ ಮೆತ್ತಗಾದ ಬೇರು ಮಾತ್ರ ಕತ್ತರಿಸಿ. ಮೊದಲಿದ್ದಷ್ಟೇ ಆಳಕ್ಕೆ ಕೂರಿಸಿ, ಹತ್ತು ದಿನ ನೆರಳಲ್ಲಿಡಿ, ಒಂದು ತಿಂಗಳು ಬೇರೆ ಗೊಬ್ಬರ ಕೊಡಬೇಡಿ.

ಆ ಚಟ್ಟಿ ಈಗ ಜಗಲಿಗೇ ಹೋಗಲಿ ಅಕ್ಕ. ಚೌತಿ ಕಳೆದು ಬಿಸಿಲು ಬಂದ ದಿನ ಬೇಲಿಯಿಂದ ಒಂದು ಕರೆ ಕೊಡಿ, ಸುಡುಮಣ್ಣು ನಾನು ತರುತ್ತೇನೆ.