ರೊಟ್ಟಿಯೋ ರಾಗವೋ

ಬೈಲಹೊಂಗಲದಲ್ಲಿ ಟರ್ನ್‌ಟೇಬಲ್ ಇಟ್ಟವನಿಗೆ ವೈರಿಗಳು ಇಬ್ಬರು: ಎರಿಮಣ್ಣಿನ ಧೂಳು, ಜೋಳದ ರೊಟ್ಟಿ. ಧೂಳಿಗೆ ಮೆತ್ತನೆಯ ಬ್ರಷ್ ಉಂಟು. ರೊಟ್ಟಿಗೆ ಮದ್ದಿಲ್ಲ. ಅಡುಗೆಮನೆಯಲ್ಲಿ ಟಪ್ ಟಪ್ ಶುರುವಾದರೆ ಗೋಡೆ, ಗೋಡೆಗೆ ಆನಿಸಿದ ಟೇಬಲ್ಲು, ಅದರ ಮೇಲಿನ ಮುಳ್ಳು ಎಲ್ಲವೂ ತಾಳ ಹಿಡಿಯುತ್ತವೆ. ತಟ್ಟೆಯಲ್ಲಿ ಹಾಡುವ ಗಾಯಕ ಮನ್ಸೂರರದು ವಿಲಂಬಿತ, ನಮ್ಮ ಮನೆಯವಳದು ದ್ರುತ್.

"ನಿಮಗ ರೊಟ್ಟಿ ಬೇಕೋ, ರಾಗ ಬೇಕೋ? ಮೊದ್ಲ ಹೇಳಿಬಿಡ್ರಿ" ಅಂದಳು. ತೀರ್ಪು ಹೊಟ್ಟೆಯ ಕಡೆಗಾಯಿತು.

ಕಿತ್ತೂರಿನ ಗೆಳೆಯ ಬಂಗಾರದ ನೀರು ಕುಡಿದ ಕೇಬಲ್ ತರಿಸು ಎಂದ. ರಾಮದುರ್ಗದವನ ಮನೆ ಪಕ್ಕ ಮಗ್ಗಗಳು. ಅವನಿಗೆ ಯಾವ ಕೇಬಲ್ಲೂ ಒಂದೇ. ನಾನು ಗೌಂಡಿಯನ್ನು ಕರೆಸಿ ಎದುರು ಗೋಡೆಗೆ ಬ್ರಾಕೆಟ್ ಹೊಡೆಸಿ, ಮೇಲೊಂದು ದಪ್ಪ ಫರಸಿ ಕಲ್ಲು ಕೂಡಿಸಿದೆ. ಲೆವಲ್ ಪಟ್ಟಿಯ ಗುಳ್ಳೆ ನಡುವೆ ನಿಲ್ಲುವವರೆಗೆ ಬಿಡಲಿಲ್ಲ. ಅವನು ಕೈ ಒರೆಸಿಕೊಳ್ಳುತ್ತ, "ಯಾವ ದೇವರ್ನ ಕೂಡಸ್ತೀರಿ?" ಎಂದು ಕೇಳಿದ. ಸ್ಪೀಕರುಗಳನ್ನು ಮಾತ್ರ ಆ ಕಲ್ಲಿಗೆ ಸೇರಿಸಲಿಲ್ಲ. ಅವುಗಳ ನಡುಕವೂ ಮುಳ್ಳಿಗೆ ಏರಬಾರದು. ಗುಂಯ್ ಅನ್ನುತ್ತಿದ್ದದ್ದು ಅರ್ಥ್ ತಂತಿ ಬಿಗಿ ಮಾಡಿದ ಮೇಲೆ ನಿಂತಿತು. ಮುಳ್ಳು ಹಾರಿದರೆ ಮೇಲೆ ನಾಲ್ಕಾಣೆ ಇಡುವ ಹಳೇ ಚಾಳಿಯನ್ನೂ ಬಿಡಿಸಿದೆ. ಎಲ್‌ಪಿಗೆ ಹೆಚ್ಚೂಕಡಿಮೆ 2 ಗ್ರಾಂ ಭಾರ ಸಾಕು. ನಾಣ್ಯದ ಭಾರ ಗೀರನ್ನೇ ಸವೆಸುತ್ತದೆ.

ಅಜ್ಜನ ಕಾಲದ ಅರಗಿನ ತಟ್ಟೆಗಳಿಗೆ ಬೇರೆ ಮುಳ್ಳು. ಅವುಗಳ ಗೀರು ಅಗಲ, ಓಟ ನಿಮಿಷಕ್ಕೆ 78 ಸುತ್ತು. ಅದರಲ್ಲೊಂದು, 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ 'ಗಾಂಧಾರಿ' ಎಂಬ ಹೆಸರಿನಲ್ಲಿ ಹಾಡಿದ್ದು. ಆಗಿನ ದನಿ ಸಣ್ಣಗೆ, ಎತ್ತರದಲ್ಲಿ. ಗಂಟಲಿನ ಚಿಕಿತ್ಸೆಯ ನಂತರವೇ ಅದು ಲೋಕ ಬಲ್ಲ ಗಡಸು ದನಿಯಾದದ್ದು.

ಸವದತ್ತಿಯ ಕಾಕಾ ಕೇಳಿದವರೇ ಮುಖ ಸಿಂಡರಿಸಿದರು.

"ಲೇ ತಮ್ಮಾ, ನಿನ್ನ ಮಷೀನ್ ಓಡಾಕತ್ತೈತಿ."

ಗೆರೆ ಗೆರೆಯ ಚಕ್ರವನ್ನು ತಟ್ಟೆಯ ಮೇಲಿಟ್ಟು, ಹಳೇ ಬಲ್ಬಿನ ಬೆಳಕಲ್ಲಿ ತೋರಿಸಿದೆ. ವೇಗ ಸರಿಯಿದ್ದರೆ ಗೆರೆಗಳು ನಿಂತಂತೆ ಕಾಣುತ್ತವೆ. ನಿಂತಿದ್ದವು. ಕರೆಂಟಿನ ಐವತ್ತು ಹರ್ಟ್ಸ್ ಲೆಕ್ಕವನ್ನೂ ಒಪ್ಪಿಸಿದೆ.

"ಗೆರಿಗೇನ್ ಗೊತ್ತೈತಿ? ನಾ ಅವರ ಕಚೇರಿ ಕೇಳೇನಿ" ಎಂದು ಕಾಕಾ ಎದ್ದು, ಓಡುವ ತಟ್ಟೆಯ ಅಂಚಿಗೆ ಬೆರಳು ಒತ್ತಿದರು. ದನಿ ಇಳಿಯಿತು, ದಪ್ಪವಾಯಿತು, ಗಡಸಾಯಿತು.

"ಹಾಂ, ಈಗ ನೋಡು, ಗಂಗೂಬಾಯಿ ಬಂದ್ರು!"